ಮದ್ದಿನವಳ ಕೊಸರು

ಶಿರಾದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಡಲೆಪುರಿ ಕೊಳ್ಳುವವರು ಸೇರು ತುಂಬಿದ ಕೂಡಲೇ ಚೀಲದ ಬಾಯಿ ಮುಚ್ಚುವುದಿಲ್ಲ. ಅಳತೆ ಮುಗಿದ ಮೇಲೆ ಅಂಗಡಿಯಾಕೆ ತನ್ನ ಕೈಯಿಂದ ಇನ್ನೊಂದು ಹಿಡಿ ಹಾಕಬೇಕು. ಅದಕ್ಕೆ ಕೊಸರು ಎಂದು ಹೆಸರು. ಕೊಸರಿಗೆ ಬೆಲೆಯಿಲ್ಲ, ಆದರೆ ಅದು ಬೀಳದಿದ್ದರೆ ಗಿರಾಕಿ ಮುಂದಿನ ಸಲ ಎದುರಂಗಡಿಗೆ ಹೋಗುತ್ತಾನೆ. ಸರ್ವಮಂಗಳಾ ಆ ಬೀದಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಕಲಿಸಿದ್ದೇ ಇದನ್ನು. ಅಳೆಯುವಾಗ ಕೈ ಬಿಗಿಯಿರಬೇಕು, ಕೊಸರು ಹಾಕುವಾಗ ಗಿರಾಕಿಯ ಮುಖ ನೋಡಿ ನಗಬೇಕು. ಸರ್ವಮಂಗಳಾ ಬಿಗಿಯನ್ನು ಚೆನ್ನಾಗಿ ಕಲಿತಳು. ನಗು ಅಷ್ಟಾಗಿ ಬರಲಿಲ್ಲ.

ಅವಳ ತವರು ಗೌಡಗೆರೆಯ ಹತ್ತಿರದ ಒಂದು ಹಳ್ಳಿ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದಳು, ಗಣಿತದಲ್ಲಿ ಜಾಣೆ ಎನಿಸಿಕೊಂಡಿದ್ದಳು. ಮುಂದೆ ಓದುವ ಮಾತು ಬರುವ ಮೊದಲೇ ಮದುವೆಯ ಮಾತು ಬಂತು. ಇದನ್ನು ಅವಳು ದೊಡ್ಡ ಅನ್ಯಾಯವೆಂದು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಗಂಡ ಬಸವಲಿಂಗಯ್ಯ ಹಿತ್ತಿಲಿನ ಭಟ್ಟಿಯಲ್ಲಿ ಮರಳು ಕಾಯಿಸಿ ಪುರಿ ಹುರಿಯುತ್ತಿದ್ದ, ಇವಳು ಮುಂದೆ ಕೂತು ಮಾರುತ್ತಿದ್ದಳು. ಅಂಗಡಿಯ ಬೋರ್ಡಿನ ಮೇಲೆ ಇದ್ದದ್ದು ಮಾವನ ಹೆಸರು. ಅವಳಿಗೆ ಐವತ್ತು ಹತ್ತಿರವಾಗುವ ತನಕ ಹೇಳುವಂಥದ್ದು ಬೇರೇನೂ ನಡೆಯಲಿಲ್ಲ.

ಆಮೇಲೆ ಒಂದು ಮಳೆಗಾಲದಲ್ಲಿ ಭಟ್ಟಿಯ ಹೊಸಿಲಲ್ಲಿ ಜಾರಿ ಬಿದ್ದು ಕಾಲಿನ ಗೆಣ್ಣು ಮುರಿದುಕೊಂಡಳು. ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಭವ್ಯ ರಜೆಗೆ ಬಂದಾಗ ತಾಯಿಯ ಫೋನಿಗೆ ಒಂದು ಆಟ ಹಾಕಿಕೊಟ್ಟಳು.

"ಕೂತ್ಕಡೇನೇ ಅಪ್ಪನ್ ಜೊತೆ, ಗಿರಾಕಿ ಜೊತೆ ಜಗಳ ಆಡೋ ಬದ್ಲು ಇದನ್ನಾಡಮ್ಮ."

"ಇದ್ರಾಗೆ ಏನ್ ಮಾಡ್ಬೇಕು?"

"ಜಗಳಾನೇ."

ಆಟದ ಹೆಸರು 'ಏಳು ಬಾಗಿಲ ಕೋಟೆ'. ಯಾವುದೋ ಸಣ್ಣ ಕಂಪನಿ ಕನ್ನಡದಲ್ಲೇ ಮಾಡಿದ್ದು. ಆಡುವವರು ಮೊದಲು ತಮ್ಮ ಪಾತ್ರವನ್ನು ಆರಿಸಿಕೊಳ್ಳಬೇಕು: ಬಿಲ್ಲು ಹಿಡಿಯುವುದೋ, ಕತ್ತಿಯೋ, ಗುರಾಣಿಯೋ, ಅಥವಾ ಗಾಯಗೊಂಡವರಿಗೆ ಮದ್ದು ಕೊಡುವುದೋ. ಶುರುವಿನಲ್ಲಿ ಪಾತ್ರಕ್ಕೆ ಏನೂ ಬಾರದು. ಶತ್ರುವನ್ನು ಹೊಡೆದಂತೆಲ್ಲ ಅನುಭವದ ಅಂಕ ಸೇರುತ್ತದೆ, ಅಂಕ ತುಂಬಿದರೆ ಒಂದು ಮೆಟ್ಟಿಲು ಏರುತ್ತದೆ, ಏರಿದಂತೆ ಶಕ್ತಿ ಹೆಚ್ಚುತ್ತದೆ. ಮೇಲಿನ ಬಾಗಿಲಿಗೆ ಮೇಲಿನ ಮೆಟ್ಟಿಲಿನವರಿಗಷ್ಟೇ ಪ್ರವೇಶ. ಸರ್ವಮಂಗಳಾ ಮದ್ದಿನವಳಾದಳು. ಆ ಪಾತ್ರಕ್ಕೆ ನೀಲವ್ವ ಎಂದು ಹೆಸರಿಟ್ಟಳು. ಆಯುಧ ಹಿಡಿದವರ ಗಡಿಬಿಡಿ ಅವಳಿಗೆ ಹಿಡಿಸಲಿಲ್ಲ.

ಇಂಥ ಆಟ ಕಟ್ಟುವವರ ಕಷ್ಟವೆಲ್ಲ ಇರುವುದು ಪಾತ್ರಗಳನ್ನು ಸಮತೂಕದಲ್ಲಿ ಇಡುವುದರಲ್ಲಿ. ಬಿಲ್ಲಿನವನು ಒಂದು ಮೆಟ್ಟಿಲು ಏರುವಷ್ಟರಲ್ಲಿ ಮದ್ದಿನವಳೂ ಒಂದು ಏರಬೇಕು. ಈ ಆಟ ಕಟ್ಟಿದವರಿಗೆ ಅದು ಕೂಡಿಬಂದಿರಲಿಲ್ಲ. ಅಂಕ ಸಿಗುವುದು ಹೊಡೆದವರಿಗೆ, ಮದ್ದಿನವಳು ಹೊಡೆಯುವುದೇ ಇಲ್ಲ. ಹೀಗಾಗಿ ನೀಲವ್ವ ಬಸವನಹುಳುವಿನಂತೆ ಏರುತ್ತಿದ್ದಳು. ಮದ್ದಿನ ಪಾತ್ರ ಆರಿಸಿದ ಬಹಳ ಮಂದಿ ಬೇಸತ್ತು ಬಿಟ್ಟುಹೋಗುತ್ತಿದ್ದರು. ಸರ್ವಮಂಗಳಾ ಬಿಡಲಿಲ್ಲ.

ಆಟವು ಹತ್ತಿರದ ಊರುಗಳವರನ್ನು ತಾನಾಗಿಯೇ ಗುಂಪು ಮಾಡುತ್ತದೆ. ಅವಳ ಗುಂಪಿನಲ್ಲಿ ನಾಲ್ವರು. ಮುಂದಾಳು ಪಾವಗಡದ ಮೂಡಲಗಿರಿಯಪ್ಪ, ಸರ್ಕಾರಿ ಬಸ್ಸಿನ ಡ್ರೈವರಾಗಿದ್ದು ನಿವೃತ್ತನಾದವನು, ಗುರಾಣಿ ಹಿಡಿಯುತ್ತಿದ್ದ. ಕೊರಟಗೆರೆ ಕಡೆಯ ಹೊಳವನಹಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಚೇತನ್ ಕುಮಾರ್ ಕತ್ತಿಯವನು. ಮಧುಗಿರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅಶ್ವಿನಿ ಬಿಲ್ಲಿನವಳು. ಮಧ್ಯಾಹ್ನ ಊಟವಾದ ಮೇಲೆ ಎಲ್ಲರಿಗೂ ಬಿಡುವು. ಫೋನಿನಲ್ಲೇ ಮಾತಾಡಿಕೊಂಡು ಆಡುತ್ತಿದ್ದರು.

"ಆಂಟಿ, ನೀವು ಬೇಗ ಬಂದ್ರೆ ನೀವ್ ಸಾಯ್ತೀರ, ನಿಧಾನ ಬಂದ್ರೆ ನಾವ್ ಸಾಯ್ತೀವಿ. ಏನಾದ್ರೂ ಒಂದ್ ತೀರ್ಮಾನ ಮಾಡಿ" ಎಂದು ಚೇತನ್ ರೇಗಿಸುವನು.

"ಊರುಕೋ ಅಬ್ಬಾಯ್, ಆಯಮ್ಮನ್ನ ಏನೂ ಅನ್ಬ್ಯಾಡ" ಎಂದು ಮೂಡಲಗಿರಿಯಪ್ಪ ತೆಲುಗು ಬೆರೆಸಿ ಗದರಿ ಅವಳ ಪರ ವಹಿಸುವನು. "ಬಸ್ಸಿಗೊಂದು ಸ್ಟೆಪ್ನಿ ಇರ್ಬೇಕಲ್ಲ. ಇರ್ಲಿ, ಹಿಂದ್ಗಡೆ."

ಪರ ವಹಿಸಿದ್ದೇ ಹೆಚ್ಚು ಚುಚ್ಚುತ್ತಿತ್ತು. ನಗದೆ ಇರುತ್ತಿದ್ದವಳು ಅಶ್ವಿನಿ ಒಬ್ಬಳೇ. "ಅಕ್ಕ, ನೀನು ನನ್ ಹಿಂದೆ ಇರು, ನಾನ್ ನೋಡ್ಕೋತೀನಿ" ಎನ್ನುತ್ತಿದ್ದಳು. ಒಂದು ಭಾನುವಾರ ಅವಳು ಶಿರಾಕ್ಕೇ ಬಂದು ಅಂಗಡಿಯ ಸ್ಟೂಲಿನ ಮೇಲೆ ಸಂಜೆಯ ತನಕ ಕೂತಳು. ಆಮೇಲೆ ಬಂದು ಹೋಗುವುದು ವಾಡಿಕೆಯಾಯಿತು. ಸರ್ವಮಂಗಳಾಗೆ ಅಕ್ಕತಂಗಿಯರಿದ್ದರು, ಆದರೆ ಹಬ್ಬಕ್ಕೆ ಸೀರೆ ತರುವಾಗ ತನ್ನದರ ಜೊತೆಗೆ ಇನ್ನೊಂದು ತಂದದ್ದು ಅಶ್ವಿನಿಗೆ ಮಾತ್ರ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಬೆರಳು ತಪ್ಪಿ ನೀಲವ್ವನ ಮದ್ದು ಅಶ್ವಿನಿಯ ಬಿಲ್ಲಿನವಳಿಗೆ ಹೋಯಿತು. ಅವಳಿಗೆ ಗಾಯವಿರಲಿಲ್ಲ, ಶಕ್ತಿ ಪೂರ್ತಿ ತುಂಬಿತ್ತು. ಮದ್ದು ದಂಡವಾಯಿತು ಎಂದುಕೊಳ್ಳುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ನೀಲವ್ವನ ಅನುಭವದ ಅಂಕ ಕೊಂಚ ಮೇಲೇರಿತು. ಸೇರಿನಿಂದ ಹೊರಚೆಲ್ಲಿದ ಕಾಳನ್ನು ನೋಡಿ ನೋಡಿ ಪಳಗಿದ ಕಣ್ಣಿಗೆ ಅದು ತಪ್ಪಲಿಲ್ಲ.

"ಅಶ್ವಿನಿ, ಅಲ್ಲಾಡದಂಗೆ ನಿಂತ್ಕೊ."

"ಯಾಕಕ್ಕ, ಫೋಟೋ ತೆಗೀತೀಯ?"

"ನಿಂತ್ಕೊ ಅಂದೆ."

ಮತ್ತೆ ಮದ್ದು ಕೊಟ್ಟಳು, ಅಂಕ ಮತ್ತೆ ಏರಿತು. ತುಂಬಿದ ಮೈಗೆ ಕೊಟ್ಟ ಮದ್ದು ಹಾಳಾಗದೆ ಕೊಟ್ಟವಳ ಅನುಭವವಾಗಿ ಮರಳುತ್ತಿತ್ತು. ಆಟ ಕಟ್ಟಿದವರ ಕಣ್ತಪ್ಪು ಅದು. ಗಾಯವಿಲ್ಲದವರಿಗೆ ಯಾರೂ ಮದ್ದು ಕೊಡುವುದಿಲ್ಲವಾದ್ದರಿಂದ ಬೇರೆ ಯಾರೂ ಕಂಡಿರಲಿಲ್ಲ. ಅಶ್ವಿನಿಗೆ ಬಿಡಿಸಿ ಹೇಳುವಾಗ ಅವಳ ಬಾಯಿಗೆ ಅಂಗಡಿಯ ಮಾತೇ ಬಂತು. "ತುಂಬಿದ್ಮೇಲೆ ಹಾಕೋದು. ಕೊಸರು ಕಣೇ."

"ಅಂಗ್ಡಿ ಬುದ್ಧಿ ಆಟಕ್ಕೂ ಬಂತಲ್ಲಕ್ಕ."

"ಯಾರಿಗೂ ಹೇಳ್ಬ್ಯಾಡ."

"ಯಾರಿಗೆ ಏನ್ ಕಾಯ್ಲೆ ಅಂತ ಊರಿಗೆಲ್ಲ ಹೇಳ್ಕೊಂಡ್ ತಿರುಗೋಳಾಗಿದ್ರೆ ಲ್ಯಾಬಲ್ಲಿ ಕೆಲ್ಸ ಉಳೀತಿತ್ತಾ ನಂಗೆ?"

ಅಂದಿನಿಂದ ಗುಂಪಿನ ಆಟ ಶುರುವಾಗುವ ಮುನ್ನ ಇವರಿಬ್ಬರೇ ಕೋಟೆಯ ಹೊರಬಯಲಿಗೆ ಹೋಗುವರು. ಬಿಲ್ಲಿನವಳು ಸುಮ್ಮನೆ ನಿಲ್ಲುವಳು, ನೀಲವ್ವ ಮದ್ದು ಸುರಿಯುವಳು. ಕೈ ಆಟದಲ್ಲಿದ್ದರೂ ಬಾಯಿಗೆ ಬಿಡುವಿರುತ್ತಿತ್ತು. ಅಶ್ವಿನಿಯ ಅತ್ತೆಯ ಸಕ್ಕರೆ ಕಾಯಿಲೆ, ಭವ್ಯಳ ಪರೀಕ್ಷೆ, ಬಸವಲಿಂಗಯ್ಯನ ಗೊರಕೆ, ಎಲ್ಲವೂ ಆ ಬಯಲಿನಲ್ಲಿ ಮಾತಿಗೆ ಬಂದವು. ಸರ್ವಮಂಗಳಾ ತನ್ನ ಜೀವನದಲ್ಲಿ ಅಷ್ಟು ಮಾತಾಡಿದ್ದು ಆ ಒಂದು ಬೇಸಿಗೆಯಲ್ಲೇ.

ನೀಲವ್ವ ಏರಿದಳು. ಬಿಸಿಲು ಇಳಿಯುವ ಹೊತ್ತಿಗೆ ಅವಳು ಚೇತನ್‌ನ ಕತ್ತಿಯವನನ್ನು ದಾಟಿದ್ದಳು. ಆರನೇ ಬಾಗಿಲಿನಲ್ಲಿ ಉಳಿದ ಗುಂಪುಗಳು ತಲೆ ಒಡೆದುಕೊಳ್ಳುತ್ತಿದ್ದಾಗ ಇವರು ಅವಳ ಮದ್ದಿನ ಬಲದಿಂದ ಒಳಗೆ ಹೋದರು.

"ಏಮಮ್ಮಾ, ಸ್ಟೆಪ್ನಿ ಅಂದೋನ್ ಬಾಯಿಗೆ ಮಣ್ಣಾಕು" ಎಂದ ಮೂಡಲಗಿರಿಯಪ್ಪ. "ಈಗ ನೀನೇ ಮುಂದಿನ ಚಕ್ರ."

ಗುಟ್ಟೇನು ಎಂದು ಚೇತನ್ ಕೇಳಿದ. ದಿನಾ ಆಡ್ತೀನಿ, ಅಷ್ಟೇ ಎಂದಳು. ಎಲ್ಲರಿಗೂ ತಿಳಿದರೆ ಕಂಪನಿಯವರ ಕಿವಿಗೂ ಬಿದ್ದು ದಾರಿ ಮುಚ್ಚಿಹೋಗುತ್ತದೆ ಎನ್ನುವುದು ಅವಳ ಲೆಕ್ಕ. ಅಲ್ಲದೆ ತನಗೊಬ್ಬಳಿಗೇ ಗೊತ್ತು ಎನ್ನುವುದು ಅವಳಿಗೆ ಹಿತವಾಗಿತ್ತು.

ಏಳನೇ ಬಾಗಿಲು ದಸರಾಕ್ಕೆ ತೆರೆಯುತ್ತದೆ ಎಂದು ಆಟದಲ್ಲಿ ಪ್ರಕಟಣೆ ಬಂತು. ಅದನ್ನು ಮೊದಲು ದಾಟಿದ ಗುಂಪಿನ ಹೆಸರುಗಳನ್ನು ಬಾಗಿಲ ಕಲ್ಲಿನ ಮೇಲೆ ಕೆತ್ತಲಾಗುವುದು, ಆಟ ಇರುವ ತನಕ ಅವು ಅಲ್ಲಿರುವವು. ಸರ್ವಮಂಗಳಾ ಅದನ್ನು ಎರಡು ಸಲ ಓದಿದಳು. ಬಯಕೆಗಳನ್ನು ಬೆಳೆಸಿಕೊಳ್ಳುವ ಸ್ವಭಾವ ಅವಳದಲ್ಲ. ಆದರೆ ನೀಲವ್ವ ಎನ್ನುವ ಹೆಸರು ಆ ಕಲ್ಲಿನ ಮೇಲೆ ಇರಬೇಕು ಎಂದು ಅವಳಿಗೆ ಬಲವಾಗಿ ಅನಿಸಿತು. ಗಂಡನಿಗೂ ಹೇಳಿದಳು. ಕಲ್ಲು ಎಲ್ಲಿದೆ ಎಂದು ಅವನು ಕೇಳಿದ. ಫೋನಿನಲ್ಲಿ ಎಂದಾಗ ಭಟ್ಟಿಯ ಕಡೆ ಹೊರಟ.

ಶ್ರಾವಣದ ಒಂದು ಬೆಳಿಗ್ಗೆ ಅಪ್‌ಡೇಟ್ ಬಂತು. ಅಂಗಡಿಯ ಮುಂದೆ ಒಬ್ಬಾಕೆ ಚೀಲ ಹಿಡಿದು ನಿಂತಿದ್ದಳು. "ಥೋಡಾ ಜಲ್ದೀ ಅಮ್ಮಾ" ಎನ್ನುತ್ತಿದ್ದಳು. ಸರ್ವಮಂಗಳಾ ಸೇರನ್ನು ಪುರಿಯ ರಾಶಿಯಲ್ಲಿ ನೆಟ್ಟು ಓದಿದಳು. "ಶಕ್ತಿ ತುಂಬಿದ ಪಾತ್ರಕ್ಕೆ ಮದ್ದು ಕೊಟ್ಟು ಅನುಭವ ಗಳಿಸುವ 'ಕೊಸರು' ವಿಧಾನವನ್ನು ಆಟದ ಸಮತೋಲನಕ್ಕಾಗಿ ತೆಗೆದುಹಾಕಲಾಗಿದೆ. ಈ ವಿಧಾನದಿಂದ ಬಂದ ಅಂಕಗಳನ್ನು ಹಿಂಪಡೆಯಲಾಗಿದೆ." ಆಟ ತೆರೆದು ನೋಡಿದರೆ ನೀಲವ್ವ ಸಂಕ್ರಾಂತಿಯಲ್ಲಿ ಎಲ್ಲಿದ್ದಳೋ ಅದಕ್ಕಿಂತ ತುಸು ಮೇಲೆ ನಿಂತಿದ್ದಳು. ಏಳನೇ ಬಾಗಿಲಿಗೆ ಬೇಕಾದ ಮೆಟ್ಟಿಲು ಕಣ್ಣಿಗೆ ಕಾಣದಷ್ಟು ಮೇಲಿತ್ತು.

ದಾರಿ ಮುಚ್ಚಿದ್ದನ್ನು ಅವಳು ಸಹಿಸಬಲ್ಲವಳಾಗಿದ್ದಳು. ಎಂದಾದರೂ ಮುಚ್ಚುವುದೇ ಆಗಿತ್ತು. ಆದರೆ ಆ ಮಾತು ಅವರಿಗೆ ಹೇಗೆ ಸಿಕ್ಕಿತು? ಕಂಪನಿಯವರು ತಾವೇ ಕಂಡುಹಿಡಿದಿದ್ದರೆ ಅದಕ್ಕೆ ಕೊಸರು ಎನ್ನುತ್ತಿರಲಿಲ್ಲ. ಯಾರೋ ಹೇಳಿದ್ದಾರೆ, ಹೇಳುವಾಗ ಅವಳ ಮಾತನ್ನೂ ಕೊಟ್ಟಿದ್ದಾರೆ.

ಅಂಗಡಿಯ ಮುಂದೆ ಕೂತೇ ಅವಳು ಗಣಿತದ ಪ್ರಮೇಯದಂತೆ ಅದನ್ನು ಬಿಡಿಸಿದಳು. ಅಶ್ವಿನಿ ಬಾಯಿ ಬಿಡುವವಳಲ್ಲ. ಚೇತನ್‌ಗೆ ಗೊತ್ತಿಲ್ಲ. ಉಳಿದವನು ಮೂಡಲಗಿರಿಯಪ್ಪ. ಪಾವಗಡದ ಕಡೆ ಮನೆಮಾತು ಅರ್ಧ ತೆಲುಗು, ತೆಲುಗಿನಲ್ಲೂ ಅದಕ್ಕೆ ಕೊಸರು ಎಂದೇ ಅನ್ನುತ್ತಾರೆ. ಒಮ್ಮೆ ಶಿರಾಕ್ಕೆ ಬಂದಾಗ ಅಂಗಡಿಯಲ್ಲಿ ಕೂತಿದ್ದ, ಅಂದು ತಾನು ಅಶ್ವಿನಿಯೊಡನೆ ಫೋನಿನಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡಿರಬೇಕು. ಎಲ್ಲವೂ ಕೂಡಿತು. ಕೂಡಿದ ಲೆಕ್ಕವೆಲ್ಲ ಸರಿಯಾದ ಲೆಕ್ಕವಾಗಬೇಕೆಂದಿಲ್ಲ, ಆದರೆ ಅಂದು ಅವಳಿಗೆ ಆ ಯೋಚನೆ ಬರಲಿಲ್ಲ.

ಮಧ್ಯಾಹ್ನ ನಾಲ್ವರೂ ಫೋನಿನಲ್ಲಿದ್ದಾಗ ನೇರವಾಗಿ ಕೇಳಿದಳು. "ಗಿರಿಯಪ್ಪಣ್ಣ, ಕೊಸರು ಅನ್ನೋ ಮಾತನ್ನ ಕಂಪ್ನಿಯೋರಿಗೆ ಯಾರು ಹೇಳಿದ್ದು?"

"ಕೊಸರಾ? ಅದು ಮಾ ಊರ್ನಾಗೆ ಸಂತೆಗೆ ಹೋದೋರೆಲ್ಲ ಅನ್ನೋದೇ ಕದಮ್ಮಾ."

"ಅದಕ್ಕೇ ನಿನ್ನ ಕೇಳ್ತಿರೋದು."

ಅನುಮಾನ ತನ್ನ ಮೇಲೆ ಎಂದು ಅವನಿಗೆ ಆಗ ಅರ್ಥವಾಯಿತು. "ಸರ್ವೀಸ್ ಪೂರ್ತಿ ಬಸ್ ಓಡಿಸ್ದೋನಮ್ಮ ನಾನು. ಟಿಕೆಟ್ ತಗೊಳ್ದೆ ಕೂತೋನ್ನ ಕನ್ನಡೀಲಿ ಕಂಡ್ರೂ ಕಂಡಕ್ಟರ್‌ಗೆ ಹೇಳ್ದೋನಲ್ಲ. ನಂಗೆ ಇಂಥ ಮಾತಾಡ್ತೀಯಾ? ಸರೇ." ಅವನ ಫೋನು ಕಟ್ಟಾಯಿತು.

"ಆ ಕೊಸರು ಅಂದ್ರೆ ಏನು ಆಂಟಿ?" ಎಂದ ಚೇತನ್. "ನೀವು ಅಂಗೆ ಏರಿದ್ದು ಇದ್ರಿಂದ್ಲಾ? ನಮಗೂ ಒಂದ್ ಮಾತು ಹೇಳ್ಬಾರ್ದಿತ್ತಾ? ನಿಮ್ಮುನ್ನ ನಂಬ್ಕೊಂಡು ಏಳನೇ ಬಾಗ್ಲು ಅಂತ ಊರಿಗೆಲ್ಲ ಹೇಳ್ಕೊಂಡು ಕೂತಿದೀನಿ."

ಅಶ್ವಿನಿ ಇಷ್ಟು ಹೊತ್ತೂ ಸುಮ್ಮನಿದ್ದಳು. ಕೊನೆಗೆ, "ಬುಡಕ್ಕ, ಹೋಗಿದ್ದು ಹೋಯ್ತು" ಎಂದಳು.

ಮುಂದಿನ ವಾರ ಆಟದೊಳಗೇ ಇನ್ನೊಂದು ಪ್ರಕಟಣೆ ಬಂತು. ಆಟಗಾರರ ಪೈಕಿ ಕೆಲವರನ್ನು ಕಂಪನಿಯು ಸಮತೋಲನದ ಸಲಹೆಗಾರರೆಂದು ಆರಿಸಿತ್ತು. ಮುಂದೆ ಯಾವ ಪಾತ್ರದ ಶಕ್ತಿ ಹೆಚ್ಚಿಸಬೇಕು, ಯಾವುದನ್ನು ತಗ್ಗಿಸಬೇಕು ಎಂದು ಹೇಳುವವರು ಅವರು. ಮೊದಲನೆಯ ಹೆಸರು ಮಧುಗಿರಿಯ ಅಶ್ವಿನಿ, 'ಕೊಸರು' ದೋಷವನ್ನು ತಿಳಿಸಿ ಪರೀಕ್ಷಿಸಿಕೊಟ್ಟಿದ್ದಕ್ಕಾಗಿ.

ಸರ್ವಮಂಗಳಾ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಮಧುಗಿರಿಯ ಬಸ್ಸು ಹತ್ತಿದಳು. ಬಡವನಹಳ್ಳಿ ದಾಟಿ ಬೆಟ್ಟ ಕಾಣುವ ತನಕ ಏನು ಮಾತಾಡಬೇಕೆಂದು ಯೋಚಿಸಿದಳು, ಆಮೇಲೆ ಯೋಚಿಸುವುದನ್ನು ಬಿಟ್ಟಳು. ಲ್ಯಾಬಿನಲ್ಲಿ ಬೆಳಗಿನ ಜನವೆಲ್ಲ ಹೋಗಿ ಅಶ್ವಿನಿ ಒಬ್ಬಳೇ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ಇವಳನ್ನು ಕಂಡು ಎದ್ದು ಕುರ್ಚಿ ಎಳೆದಳು. ಸರ್ವಮಂಗಳಾ ಕೂರಲಿಲ್ಲ.

"ನಾನೇ ಹೇಳೋಣ ಅಂತಿದ್ದೆ ಕಣಕ್ಕ."

"ಹೇಳು."

ಅಶ್ವಿನಿ ಚೀಟಿಗಳನ್ನು ಪಕ್ಕಕ್ಕಿಟ್ಟಳು. "ನೀನು ಅಂಗೆ ಏರ್ತಿದ್ದಿದ್ದು ನಂಗೆ ಸರಿ ಕಾಣ್ಲಿಲ್ಲ. ಎಲ್ರೂ ಹೊಡೆದು ಹೊಡೆದು ಏರ್ತಾರೆ. ನೀನು ನಿಂತಲ್ಲೇ ಏರ್ದೆ. ಇಂಗೇ ಆದ್ರೆ ನಾಳೆ ಎಲ್ರೂ ಮದ್ದಿನೋರೇ ಆಗ್ತಾರೆ. ಆಟ ಎಲ್ಲಿ ಉಳೀತೈತೆ?"

ಇದರಲ್ಲಿ ಸುಳ್ಳಿರಲಿಲ್ಲ. ಸರ್ವಮಂಗಳಾಗೆ ಅದು ಗೊತ್ತಿತ್ತು.

"ಇನ್ನೊಂದು ಹೇಳ್ಲಾ ಅಕ್ಕ? ಅದಕ್ಕೆ ಕೊಸರು ಅಂತ ಹೆಸರಿಟ್ಯಲ್ಲ. ನಿನ್ನಂಗ್ಡೀಲಿ ಕೊಸರು ಯಾರಿಗೆ ಸಿಗೋದು? ತಗೊಳ್ಳೋರಿಗೆ. ಇಲ್ಲಿ ಸಿಕ್ಕಿದ್ದು ಕೊಡೋಳಿಗೆ. ನಾನು ದಿನಾ ಬಿಸ್ಲಲ್ಲಿ ನಿಂತಂಗೆ ನಿಂತೆ. ನಂಗೆ ಒಂದ್ ಅಂಕ ಬಂತಾ? ನಿಂಗೇನ್ ಸಿಕ್ತೇ ಅಂತ ಒಂದಿನಾನಾದ್ರೂ ಕೇಳಿದ್ಯಾ?"

ಸರ್ವಮಂಗಳಾ ಕೇಳಿರಲಿಲ್ಲ. ಆ ಹೆಸರು ತಪ್ಪು ಎನ್ನುವುದೂ ಅವಳಿಗೆ ಹೊಳೆದಿರಲಿಲ್ಲ. ಅಷ್ಟು ವರ್ಷ ದಿನವೂ ಕೊಸರು ಹಾಕಿದವಳು, ಅದು ಯಾವ ಕಡೆಗೆ ಹೋಗಬೇಕು ಎನ್ನುವುದನ್ನೇ ಮರೆತಿದ್ದಳು.

"ಇದನ್ನ ನಂಗೇ ಹೇಳ್ಬೋದಿತ್ತು."

"ಹೇಳಿದ್ರೆ ನಿಲ್ಲಿಸ್ತಿದ್ಯಾ?"

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. "ಇಲ್ಲ."

"ಮತ್ತೆ?"

"ಅವರಿಗೆ ಯಾವಾಗ ಹೇಳ್ದೆ?"

ಅಶ್ವಿನಿ ಮೊದಲ ಸಲ ತಡವರಿಸಿದಳು. "ಯುಗಾದಿ ಆದ್ಮೇಲೆ."

"ಯುಗಾದಿ ಆದ್ಮೇಲೂ ನಿಂತ್ಕೊಂಡ್ಯಲ್ಲೇ. ಬೇಸ್ಗೆ ಪೂರ್ತಿ."

"ದಿನಕ್ಕೆ ಎಷ್ಟ್ ಅಂಕ ಬರ್ತೈತೆ, ಯಾವಾಗ್ ನಿಲ್ತೈತೆ, ನೋಡಿ ಹೇಳಿ ಅಂದ್ರು. ಪರೀಕ್ಷೆ ಮಾಡ್ದೆ ತೆಗೆಯಕ್ಕಾಗಲ್ವಂತೆ."

ಗಂಡನ ಗೊರಕೆಗೆ ಇಬ್ಬರೂ ನಕ್ಕದ್ದು ಆಗ. ಅತ್ತೆಯ ಕಾಲಿನ ಹುಣ್ಣು ಮಾಯುತ್ತಿಲ್ಲವೆಂದು ಅಶ್ವಿನಿ ಅತ್ತದ್ದು ಆಗ. ಆ ಮಾತುಗಳ ನಡುವೆಯೇ ಅವಳು ನೀಲವ್ವನ ಅಂಕಗಳನ್ನು ಗುರುತು ಹಾಕಿಕೊಳ್ಳುತ್ತಿದ್ದಳು. ನಗು ಸುಳ್ಳೋ ಅಳು ಸುಳ್ಳೋ ಎಂದು ಸರ್ವಮಂಗಳಾ ಬೇರ್ಪಡಿಸಲು ನೋಡಿದಳು. ಎರಡೂ ನಿಜವೇ ಇರಬಹುದು ಎನಿಸಿತು. ಅದರಿಂದ ಏನೂ ಹಗುರವಾಗಲಿಲ್ಲ.

"ಗಿರಿಯಪ್ಪಣ್ಣನ ಮೇಲೆ ಅಪವಾದ ಹೊರಿಸ್ದಾಗ್ಲೂ ಸುಮ್ನೆ ಕೇಳ್ಕೊಂಡಿದ್ದೆ."

"ಹೊರಿಸಿದ್ದು ನೀನು ಕಣಕ್ಕ" ಎಂದಳು ಅಶ್ವಿನಿ, ಮೆಲ್ಲಗೆ. ಆಮೇಲೆ ಅವಳ ಮಾತಿಗೆ ಹುರುಪು ಬಂತು. "ನೋಡು, ಮುಂದಿನ್ ಸಲ ಬಿಲ್ಲಿನೋರ ಬಲ ಜಾಸ್ತಿ ಮಾಡ್ತಾರೆ. ಯಾರಿಗೂ ಗೊತ್ತಿಲ್ಲ ಇದು. ನೀನು ಮದ್ದು ಬುಟ್ಟು ಬಿಲ್ಲು ತಗೊ. ನಿಂಗಂತ ಹೇಳ್ತಿದೀನಿ."

ಸರ್ವಮಂಗಳಾ ಅವಳ ಮುಖವನ್ನೇ ನೋಡಿದಳು. ಇವಳ ಗುಟ್ಟನ್ನು ಕಂಪನಿಗೆ ಕೊಟ್ಟಿದ್ದ ಅಶ್ವಿನಿ ಈಗ ಕಂಪನಿಯ ಗುಟ್ಟನ್ನು ಅಷ್ಟೇ ಸಲೀಸಾಗಿ, ಅಷ್ಟೇ ಪ್ರೀತಿಯಿಂದ ಇವಳ ಕೈಗೆ ಕೊಡುತ್ತಿದ್ದಳು. ಸರ್ವಮಂಗಳಾ ಬರುತ್ತೇನೆ ಎಂದೂ ಹೇಳದೆ ಹೊರಟಳು.

ಮೂಡಲಗಿರಿಯಪ್ಪನಿಗೆ ಬಸ್ ನಿಲ್ದಾಣದಿಂದಲೇ ಫೋನು ಮಾಡಿದಳು. "ತಪ್ಪು ನಂದು, ಗಿರಿಯಪ್ಪಣ್ಣ. ಹೇಳಿದ್ದು ನೀನಲ್ಲ."

"ಗೊತ್ತಾಯ್ತಮ್ಮ. ಪ್ರಕಟಣೆ ನಾನೂ ನೋಡ್ದೆ. ಪೋನೀ, ಬುಟ್ಟಾಕು."

"ನಾನು ಮತ್ತೆ ಏರ್ತೀನಿ. ನ್ಯಾಯವಾಗೇ. ಮುಂದಿನ ಯುಗಾದಿ ಹೊತ್ಗೆ ಆಗ್ಬೋದು."

"ಬಾಗ್ಲು ದಸರಾಕ್ಕಲ್ವೇನಮ್ಮ. ನಾನು ಯಾವತ್ತೂ ಬಸ್ಸು ಟೈಮ್ ತಪ್ಸಿದೋನಲ್ಲ. ಚೇತನೂ ನಿಂಗೆ ಕಾಯೋದು ಬ್ಯಾಡ ಅಂತಾನೆ. ಬುಕ್ಕಾಪಟ್ಟಣದೋನು ಒಬ್ಬ ಕತ್ತಿಯೋನು ಸಿಕ್ಕವ್ನೆ."

"ಮದ್ದು ಯಾರ್ ಕೊಡ್ತಾರೆ?"

"ಆಟದ ಅಂಗ್ಡೀಲೇ ಸಿಗ್ತೈತಂತೆ. ಕೊಂಡ್ಕೊಂಡು ಹೋಗ್ತೀವಿ."

"ಅಶ್ವಿನಿ?"

"ಬಿಲ್ಲಿಲ್ದೆ ಆ ಬಾಗ್ಲು ತೆಗೆಯಕ್ಕಾಗಲ್ಲಮ್ಮ. ಅವಳನ್ನ ಬುಡೋಕಾಗಲ್ಲ."

ಅವನ ದನಿಯಲ್ಲಿ ಸೇಡಿರಲಿಲ್ಲ. ಸೇಡಿದ್ದರೆ ಅವಳು ಜಗಳವಾಡಬಹುದಿತ್ತು. ಕನ್ನಡಿ ನೋಡಿ, ಹಾರ್ನ್ ಹೊಡೆದು, ನಿಲ್ದಾಣ ಬಿಡುವವನ ದನಿ ಅದು.

ದಸರಾದ ಹಿಂದಿನ ದಿನ ಮಧ್ಯಾಹ್ನ ಸರ್ವಮಂಗಳಾ ಆಟ ತೆರೆದಳು. ಗುಂಪಿನ ಪಟ್ಟಿಯಲ್ಲಿ ನೀಲವ್ವನ ಹೆಸರು ಇನ್ನೂ ಇತ್ತು, ಬುಕ್ಕಾಪಟ್ಟಣದವನು ಹೊರಗೆ ಕಾದಿದ್ದ. ಅವಳನ್ನು ತೆಗೆಯುವ ಕೆಲಸ ಮುಂದಾಳಿನದು, ಅದನ್ನು ಮಾಡಲು ಮೂಡಲಗಿರಿಯಪ್ಪನಿಗೆ ಕೈ ಬಂದಿರಲಿಲ್ಲ ಎಂದು ಕಾಣುತ್ತದೆ. ಅವಳೇ 'ಗುಂಪು ಬಿಡು' ಎಂಬುದನ್ನು ಒತ್ತಿದಳು. ಬಿಡುವ ಕಾರಣವೇನೆಂದು ಆಟ ಕೇಳಿತು. ಕೆಳಗೆ ಉತ್ತರಗಳನ್ನೂ ಅದೇ ಕೊಟ್ಟಿತ್ತು: ಸಮಯವಿಲ್ಲ, ಆಟ ಕಷ್ಟವಾಗಿದೆ, ಬೇರೆ ಗುಂಪು ಸಿಕ್ಕಿದೆ. ಬೀದಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಅವಳು ಸಮಯವಿಲ್ಲ ಎಂದು ಒತ್ತಿದಳು.

ಬಸವಲಿಂಗಯ್ಯ ಮೈಯೆಲ್ಲ ಬೆವರಾಗಿ ಹಿತ್ತಿಲಿನಿಂದ ಬಂದು ನೀರು ಕುಡಿದ. ಹೆಂಡತಿಯ ಕೈಯಲ್ಲಿ ಫೋನಿಲ್ಲದ್ದನ್ನು ಕಂಡು, "ಇವತ್ತು ಆಟ ಇಲ್ವಾ?" ಎಂದ.

"ಮುಗೀತು."

"ಗೆದ್ರಾ?"

"ನಾಳೆ ಗೆಲ್ತಾರೆ" ಎಂದಳು ಸರ್ವಮಂಗಳಾ.